ಒಂದು ಬೋಲ್ಟ್ ಉಳಿದೇ ಉಳಿಯುತ್ತದೆ

ನಮ್ಮ ಮನೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಹುಟ್ಟಿದ್ದೇ ಬಿಚ್ಚಿಸಿಕೊಳ್ಳೋದಕ್ಕೆ. ಇದು ನನ್ನ ಹೆಂಡತಿಯ ದೂರಲ್ಲ, ಇತಿಹಾಸ.

ಇಂಗ್ಲೆಂಡಿನ ಕಾವೆಂಟ್ರಿಯಲ್ಲಿದ್ದ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಕಾರಿನ ಬಾಡಿ ಮಾಡಿಕೊಡುತ್ತಿದ್ದವರು ಫಿಶರ್ ಅಂಡ್ ಲಡ್ಲೊ ಅನ್ನೋ ಬೇರೆಯವರು. 1953ರಲ್ಲಿ ಎದುರಾಳಿ ಬಿಎಂಸಿ ಕಂಪನಿ ಆ ಫಿಶರ್ ಅಂಡ್ ಲಡ್ಲೊವನ್ನೇ ಕೊಂಡುಕೊಂಡಿತು. ಹೊಸ ಕಾರು ಮಾಡಬೇಕು, ಆದರೆ ಇಡೀ ಬಾಡಿಯನ್ನು ಒಟ್ಟಿಗೆ ಒತ್ತಿಕೊಡುವವರು ಯಾರೂ ಇಲ್ಲ. ಮದುವೆ ಹಿಂದಿನ ದಿನ ಅಡುಗೆಯವರು ಕೈಕೊಟ್ಟಾಗ ಪಕ್ಕದ ಮನೆಯಿಂದ ಸಾರು, ಎದುರು ಮನೆಯಿಂದ ಪಲ್ಯ, ಹಿಂದಿನ ಬೀದಿಯಿಂದ ಪಾಯಸ ಅಂತ ಹೊಂದಿಸ್ತಾರಲ್ಲ, ಹಾಗೆ ಅವರೂ ಹೊಂದಿಸಿದರು. ಬಾನೆಟ್ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ಮಾಡಿಸಿದರು. ಕೆಳಗೆ ಹಳೇ ಪದ್ಧತಿಯ ಚಾಸಿ, ಅಂದರೆ ಕಬ್ಬಿಣದ ಚೌಕಟ್ಟು, ಇಟ್ಟು ಎಲ್ಲವನ್ನೂ ಬೋಲ್ಟ್ ಹಾಕಿ ಬಿಗಿದರು. ರೂಫ್ ಕೂಡ ಬೋಲ್ಟ್ ಮೇಲೆಯೇ ನಿಂತಿದೆ. ಇಷ್ಟೆಲ್ಲ ಅವಸರದ ಮೇಲೆ ಚಂದದ ಮುಖ ಬರೆದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. 1959ರಲ್ಲಿ ಟ್ರಯಂಫ್ ಹೆರಾಲ್ಡ್ ಅಂತ ಬಿಡುಗಡೆಯಾಯಿತು. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಅನ್ನೋ ಹೆಸರಲ್ಲಿ ತಯಾರಾಗತೊಡಗಿತು. ಅಲ್ಲಿಂದ ಬೆಂಗಳೂರಿಗೆ ಎಷ್ಟು ದೂರ? ಬಂತು.

ನಮ್ಮದು ಎರಡು ಬಾಗಿಲಿನದು, ಮೈಸೂರು ರಾಜ್ಯದ ಕಾಲದ ಎಂ.ವೈ. ನಂಬರಿನದು. 948 ಸಿಸಿ ಎಂಜಿನ್. ಹಿಂದಿನ ಮಾಲೀಕರು ಕೊಡುವಾಗ ಒಂದು ಹಾರ್ಲಿಕ್ಸ್ ಬಾಟಲಿಯನ್ನೂ ಕೊಟ್ಟಿದ್ದರು. ಅದರ ತುಂಬ ಬೋಲ್ಟು, ನಟ್ಟು, ವಾಷರು. “ಇವು ಎಕ್ಸ್‌ಟ್ರಾನಾ ಸಾರ್?” ಅಂತ ಕೇಳಿದೆ. “ಇಲ್ಲ, ಉಳಿದದ್ದು” ಅಂದರು. ಪ್ರತಿ ಸಲ ಬಿಚ್ಚಿ ಜೋಡಿಸಿದಾಗಲೂ ಒಂದೋ ಎರಡೋ ಉಳಿಯುತ್ತದೆ. ಅದಿಲ್ಲದೆಯೂ ಕಾರು ಓಡುತ್ತದೆ. ಈಗ ಬಾಟಲಿ ಎರಡಾಗಿದೆ.

ಈ ಕಾರಿನ ಬಾನೆಟ್ ಬಗ್ಗೆ ಹೇಳಲೇಬೇಕು. ಬೇರೆ ಕಾರುಗಳಲ್ಲಿ ಬಾನೆಟ್ ಅಂದರೆ ಮೇಲಿನ ಮುಚ್ಚಳ ಮಾತ್ರ. ಹೆರಾಲ್ಡಿನಲ್ಲಿ ಎರಡು ಪಕ್ಕದ ಕೊಂಡಿ ಬಿಚ್ಚಿದರೆ ಹೆಡ್‌ಲೈಟು, ಮಡ್‌ಗಾರ್ಡು ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್, ಸ್ಟೀರಿಂಗ್, ಸಸ್ಪೆನ್ಷನ್ ಎಲ್ಲ ಬೆತ್ತಲು. ಮುಂದಿನ ಟೈರಿನ ಮೇಲೆ ಆರಾಮಾಗಿ ಕೂತು, ಕಾಫಿ ಲೋಟ ಬ್ಯಾಟರಿ ಪಕ್ಕ ಇಟ್ಟುಕೊಂಡು ರಿಪೇರಿ ಮಾಡಬಹುದು. ಇಷ್ಟು ಸುಖದ ರಿಪೇರಿ ಬೇರೆ ಯಾವ ಕಾರಿನಲ್ಲೂ ಇಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಹೊಸ ಕಾರಿನ ಬಾನೆಟ್ ಎತ್ತಿದರೆ ಕಾಣೋದು ಕಪ್ಪು ಪ್ಲಾಸ್ಟಿಕ್ಕು. ಅದರ ಮೇಲೆ ಕಂಪನಿ ಹೆಸರು. ಅಷ್ಟೇ.

ಆದರೆ ಇದೇ ಬಾನೆಟ್ಟನ್ನು ನಡುರಸ್ತೆಯಲ್ಲಿ ತೆಗೆದರೆ ಜಾತ್ರೆ ಶುರುವಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಮಿನರ್ವ ಸರ್ಕಲ್. ಸಿಗ್ನಲ್ಲಿನಲ್ಲಿ ನಿಂತೂ ನಿಂತೂ ಎಂಜಿನ್ ಕಾದು, ಪೈಪಿನೊಳಗಿನ ಪೆಟ್ರೋಲು ಆವಿಯಾಗಿ ಕೂತುಬಿಟ್ಟಿತು. ಪಂಪು ಎಳೆಯೋದು ಬರೀ ಗಾಳಿ. ಹೆರಾಲ್ಡಿನ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಆದ್ದರಿಂದ ಎಂಜಿನ್ ಬಿಸಿಯಾದರೆ ಅದೂ ಬಿಸಿ. ಇದಕ್ಕೆ ಮದ್ದು ಒದ್ದೆ ಬಟ್ಟೆ. ಪಂಪಿನ ಮೇಲೆ ಹಾಕಿ ಹತ್ತು ನಿಮಿಷ ಕಾಯಬೇಕು, ಆಮೇಲೆ ಕೆಳಗಿರೋ ಪುಟ್ಟ ಲಿವರನ್ನು ಕೈಯಲ್ಲಿ ಒತ್ತೊತ್ತಿ ಪೆಟ್ರೋಲು ಏರಿಸಬೇಕು. ಹೆಂಡತಿಯ ಹತ್ತಿರ ಹೊಸ ದುಪಟ್ಟಾ ಒಂದೇ ಇತ್ತು. ನಾನು ನೋಡಿದೆ. ಅವಳೂ ನೋಡಿದಳು. “ನಿಮ್ಮ ಷರಟು ಇದೆಯಲ್ಲ ರೀ” ಅಂದಳು.

ಬನಿಯನ್ನಿನಲ್ಲಿ ನಿಂತ ನನ್ನ ಸುತ್ತ ಜನ ಸೇರಿದರು. ನಮ್ಮ ಊರಿನಲ್ಲಿ ಅಪಘಾತಕ್ಕೂ ಇಷ್ಟು ಬೇಗ ಸೇರೋದಿಲ್ಲ. “ನಮ್ಮ ದೊಡ್ಡಪ್ಪನ ಹತ್ರ ಇತ್ತು ಸಾರ್ ಇದು” ಅಂತ ಒಬ್ಬರು. “ಕಾರ್ಬ್ಯುರೇಟರ್ ಚೆಕ್ ಮಾಡಿ” ಅಂತ ಇನ್ನೊಬ್ಬರು. “ಇದು ಮೋರಿಸ್ ಮೈನರ್ ಅಲ್ವಾ?” ಅಂತ ಮತ್ತೊಬ್ಬರು, ಅವರಿಗೆ ದೊಡ್ಡಪ್ಪನ ಕಡೆಯವರೇ ಉತ್ತರ ಕೊಟ್ಟು ಸಣ್ಣ ಜಗಳವಾಯಿತು. ಒಬ್ಬ ಆಟೋದವನು ಮಾತ್ರ ಏನೂ ಹೇಳದೆ ನೀರಿನ ಬಾಟಲಿ ತಂದು ಷರಟಿನ ಮೇಲೆ ಸುರಿದ. ಎಂಜಿನ್ ಶುರುವಾದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮದುವೆಯಲ್ಲೂ ಅಷ್ಟು ಜನ ಮನಸ್ಸಿಟ್ಟು ಚಪ್ಪಾಳೆ ತಟ್ಟಿದ ನೆನಪಿಲ್ಲ. ಇದನ್ನು ಜೋರಾಗಿ ಹೇಳಬಾರದಿತ್ತೋ ಏನೋ.

ಇನ್ನು ಸ್ಪ್ಯಾನರ್ ಕಥೆ. ಇವತ್ತು ಅಂಗಡಿಗೆ ಹೋಗಿ ಸ್ಪ್ಯಾನರ್ ಕೇಳಿದರೆ ಕೊಡೋದು ಮಿಲಿಮೀಟರ್ ಲೆಕ್ಕದ್ದು. ಹೆರಾಲ್ಡಿನ ಬೋಲ್ಟು ಇಂಚಿನ ಲೆಕ್ಕದ್ದು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಅದಕ್ಕೆ ಹತ್ತುತ್ತದೆ, ಆದರೆ ಸ್ವಲ್ಪ ಸಡಿಲ. ಎರಡು ಸಲ ಜಾರಿದರೆ ಬೋಲ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಏಳು ಬೈ ಹದಿನಾರು ಇಂಚಿನದಂತೂ 11.1. ಹನ್ನೊಂದರದ್ದು ಒಳಗೆ ಹೋಗೋದಿಲ್ಲ, ಹನ್ನೆರಡರದ್ದು ಸುಮ್ನೆ ತಿರುಗುತ್ತದೆ. ಕೆ.ಆರ್. ಮಾರ್ಕೆಟ್ ಹತ್ತಿರದ ಸಂಡೇ ಬಜಾರಿನಲ್ಲಿ ಇಂಚಿನ ಸ್ಪ್ಯಾನರ್ ಸಿಗುತ್ತದೆ. ಆದರೆ ಯಾವ ಕಾರಿಗೆ ಅಂತ ಬಾಯಿ ಬಿಡಬಾರದು. ಬಿಟ್ಟ ತಕ್ಷಣ ಅದು “ಒರಿಜಿನಲ್ ಇಂಗ್ಲೆಂಡ್ ಮಾಲು” ಆಗಿ ರೇಟು ಮೂರು ಪಟ್ಟಾಗುತ್ತದೆ. ಸೈಕಲ್ಲಿಗೆ ಅಂತ ಹೇಳೋದು ಕ್ಷೇಮ.

ನನ್ನ ಭಾವಮೈದ ಪ್ರೀತಿಯಿಂದ ಒಂದು ಸೆಟ್ ತಂದುಕೊಟ್ಟ. ಅರ್ಧ ಇಂಚು ಅಂತ ಬರೆದಿದ್ದರೂ ಬಾಯಿ ನೋಡಿದರೆ ನೀರಿನ ಪೈಪು ಹಿಡಿಯುವಷ್ಟು ಅಗಲ. ಅದು ವಿಟ್‌ವರ್ತ್ ಅನ್ನೋ ಇನ್ನೂ ಹಳೇ ಬ್ರಿಟಿಷ್ ಅಳತೆಯದು. ಅದರಲ್ಲಿ ಬರೆದಿರೋ ನಂಬರು ಬೋಲ್ಟಿನ ತಲೆಯದ್ದಲ್ಲ, ಕಾಂಡದ ದಪ್ಪದ್ದು! ಸ್ಪ್ಯಾನರ್ ಹಿಡಿಯೋದು ತಲೆಯನ್ನು, ಅಳೆಯೋದು ಕಾಂಡವನ್ನು. ಇಂಥವರು ನಮ್ಮನ್ನು ಅಷ್ಟು ವರ್ಷ ಆಳಿದ್ದು ಹೇಗೆ ಅಂತ ನನಗೆ ಈಗಲೂ ಆಶ್ಚರ್ಯ.

ಇಷ್ಟೆಲ್ಲ ಆದರೂ ಕಾರು ಓಡುತ್ತಿತ್ತು, ಟ್ರನಿಯನ್ ಕೈಕೊಡುವವರೆಗೆ.

ಮುಂದಿನ ಚಕ್ರವನ್ನು ಹಿಡಿದಿರೋ ಕಂಬದ ತುದಿಯಲ್ಲಿ ಸ್ಕ್ರೂ ತರಹ ಗೆರೆಗಳಿವೆ. ಅದು ಕೆಳಗಿನ ಒಂದು ಕಂಚಿನ ತುಂಡಿನೊಳಗೆ ಕೂರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಈ ಕಂಬ ಆ ತುಂಡಿನೊಳಗೆ ತಿರುಗುತ್ತದೆ. ಆ ಕಂಚಿನ ತುಂಡೇ ಟ್ರನಿಯನ್. ಅದಕ್ಕೆ ಹಾಕಬೇಕಾದ್ದು ಇಪಿ 90 ಗೇರ್ ಆಯಿಲ್. ಅಲ್ಲೊಂದು ಸಣ್ಣ ಪ್ಲಗ್ ಇದೆ, ಅದನ್ನು ತೆಗೆದು ಗ್ರೀಸ್ ಗನ್ನಿನಿಂದ ಎಣ್ಣೆ ಒತ್ತಬೇಕು. ಆದರೆ ಗನ್ ಕಂಡ ಮೆಕ್ಯಾನಿಕ್ಕುಗಳ ಕೈ ಗ್ರೀಸಿನ ಡಬ್ಬಕ್ಕೇ ಹೋಗುತ್ತದೆ. ಗ್ರೀಸ್ ಗೆರೆಗಳ ಸಂದಿಗೆ ಸರಿಯಾಗಿ ಇಳಿಯೋದಿಲ್ಲ. ಅಲ್ಲಿಗೆ ನೀರು ಸೇರುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಒಂದು ದಿನ ಕಂಬ ಪಟಕ್ಕನೆ ಮುರಿಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೋಗುವಾಗ ಮುರಿಯೋದೇ ಜಾಸ್ತಿ. ಅದು ಪುಣ್ಯ. ಹೈವೇಯಲ್ಲಿ ಆಗಿದ್ದರೆ ಈ ಬರಹ ಇರುತ್ತಿರಲಿಲ್ಲ.

ನಮ್ಮದು ಮುರಿದದ್ದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಬೆಳಿಗ್ಗೆ ಸ್ಕೂಲ್ ವ್ಯಾನು ಬರುವ ಹೊತ್ತಿಗೆ. ಒಂದು ಸದ್ದಾಯಿತು. ಎಡಗಡೆ ಚಕ್ರ ಮಡಗಾರ್ಡಿನೊಳಗೆ ಮಡಚಿಕೊಂಡು ಕಾರು ಒಂದು ಮೊಣಕಾಲೂರಿ ಕೂತಿತು. ಹಿಂದೆ ಸ್ಕೂಲ್ ವ್ಯಾನು, ಅದರ ಹಿಂದೆ ನೀರಿನ ಟ್ಯಾಂಕರು, ಅದರ ಹಿಂದೆ ನಮ್ಮ ಅಸೋಸಿಯೇಷನ್ನಿನ ಅಧ್ಯಕ್ಷರು, ಅವರ ಹೊಸ ಕಾರಿನಲ್ಲಿ. ಅವರು ಹಾರ್ನ್ ಮಾಡಲಿಲ್ಲ. ಇಳಿದು ಬಂದು, ಕೈ ಹಿಂದೆ ಕಟ್ಟಿಕೊಂಡು, ಚಕ್ರವನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. ಹಾರ್ನ್ ಮಾಡಿದ್ದರೆ ಚೆನ್ನಾಗಿತ್ತು.

ಹೆರಾಲ್ಡಿನ ತೂಕ ಸುಮಾರು 800 ಕಿಲೋ. ಟ್ಯಾಂಕರ್ ಡ್ರೈವರು, ಅವನ ಹುಡುಗ, ವಾಚ್‌ಮನ್, ಮೂರನೇ ಮಹಡಿಯ ಜಿಮ್ ಹುಡುಗರು ಸೇರಿ ಮೂಲೆಯನ್ನು ಎತ್ತಿದರು. ಎತ್ತಿದ್ದನ್ನು ಯಾವುದರ ಮೇಲೆ ಇಡೋದು? ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಸ್ಟ್ಯಾಂಡಿಗೆ ಚಕ್ರ ಇದೆ ಅಂತ ನೆನಪಾಗಿದ್ದು ನನ್ನ ಅತ್ತೆಯವರಿಗೆ. ಅವರೇ ಲಿಫ್ಟಿನಲ್ಲಿ ತಂದರು. ಸೊಪ್ಪು ಮಾರುವವಳು “ಬಲಕ್ಕೆ, ಬಲಕ್ಕೆ, ಸಾಕು” ಅಂತ ದಾರಿ ತೋರಿಸಿದಳು. ಕಾರು ಪಾರ್ಕಿಂಗ್ ಜಾಗದವರೆಗೂ ಬಂತು. ಸ್ಟ್ಯಾಂಡಿನ ಚಕ್ರಗಳು ಅಲ್ಲಿಗೆ ಮುಗಿದವು. ಅವತ್ತಿನಿಂದ ನಮ್ಮ ಸಿಲಿಂಡರ್ ನೆಲದ ಮೇಲೇ ಇದೆ.

ನಮ್ಮ ಮೆಕ್ಯಾನಿಕ್ ಕಲಾಸಿಪಾಳ್ಯದವರು, ಅರವತ್ತು ದಾಟಿದ ಹಿರಿಯರು. ನೋಡಿ ನಕ್ಕರು.

“ಗ್ರೀಸ್ ಕಮ್ಮಿ ಆಗಿದೆ ಸಾರ್.”

“ಗ್ರೀಸ್ ಅಲ್ಲ ಭಾಯ್, ಆಯಿಲ್ ಹಾಕಬೇಕು ಅಂತ ಮ್ಯಾನ್ಯುಯಲ್ಲಿನಲ್ಲಿದೆ.”

“ಆಯಿಲ್ ಹಾಕಿದ್ರೆ ಇಳಿದು ಹೋಗುತ್ತಲ್ಲ ಸಾರ್?”

“ಇಳಿದು ಹೋಗಲಿ ಅಂತಾನೇ ಹಾಕೋದು. ಬ್ರಿಟಿಷರೇ ಬರೆದಿದ್ದಾರೆ.”

“ಬ್ರಿಟಿಷರು ಹೋಗಿ ಎಷ್ಟು ವರ್ಷ ಆಯ್ತು?”

ನನ್ನ ಮುಂದೆ ಎಣ್ಣೆ ಹಾಕುತ್ತಾರೆ. ನಾನು ಕಾಫಿಗೆ ಹೋದಾಗ ಏನು ಹಾಕುತ್ತಾರೋ ದೇವರಿಗೇ ಗೊತ್ತು. ಅದಕ್ಕೇ ಈಗ ಅವರನ್ನೂ ಕಾಫಿಗೆ ಕರೆದುಕೊಂಡು ಹೋಗುತ್ತೇನೆ.

ಹೊಸ ಕಂಬ, ಹೊಸ ಟ್ರನಿಯನ್ ಬೇಕಲ್ಲ. ಜೆ.ಸಿ. ರಸ್ತೆಯಲ್ಲಿ ಒಂದೊಂದು ಅಂಗಡಿಯನ್ನೂ ಕೇಳಿದೆ. “ಅಂಬಾಸಡರ್ದು ಇದೆ, ಫಿಯೆಟ್ದು ಇದೆ, ಹೆರಾಲ್ಡ್ದು ಅಪ್ಪನ ಕಾಲದಲ್ಲಿತ್ತು” ಅನ್ನೋದೇ ಉತ್ತರ. ಕೊನೆಗೆ ತರಿಸಿದ್ದು ಇಂಗ್ಲೆಂಡಿನಿಂದ. ಅಲ್ಲಿ ಈಗಲೂ ಹೊಸದಾಗಿ ಮಾಡುತ್ತಾರೆ. ಕಾರಣ, ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಎರಡು ಸೀಟಿನ ಕಾರು ಹೆರಾಲ್ಡಿನ ಮುಂದಿನ ಸಸ್ಪೆನ್ಷನ್ನನ್ನೇ ಇಟ್ಟುಕೊಂಡು 1980ರವರೆಗೂ ತಯಾರಾಯಿತು. ಲೋಟಸ್ ಎಲಾನ್ ಕೂಡ ಚಕ್ರ ಹಿಡಿಯುವ ಕಂಬವನ್ನು ಟ್ರಯಂಫಿನಿಂದಲೇ ತೆಗೆದುಕೊಂಡಿತ್ತು. ಈ ವಿಷಯ ತಿಳಿದ ಮೇಲೆ ಅಧ್ಯಕ್ಷರ ಮುಂದೆ ತಲೆ ಎತ್ತಿ ಓಡಾಡಿದೆ. “ಲೋಟಸ್ ಸ್ಪೋರ್ಟ್ಸ್ ಕಾರಿನದ್ದೂ ನಮ್ಮದೂ ಒಂದೇ ಸಾರ್” ಅಂದೆ. “ಅದೂ ಗೇಟಿನಲ್ಲಿ ಕೂರುತ್ತಾ?” ಅಂತ ಕೇಳಿದರು.

ಅಧ್ಯಕ್ಷರಿಗೆ ಎಣ್ಣೆಯ ಸಿಟ್ಟೂ ಇತ್ತು. ಹೆರಾಲ್ಡ್ ಎಂಜಿನ್ನಿನ ಹಿಂಭಾಗದಲ್ಲಿ ಈಗಿನ ತರಹ ರಬ್ಬರ್ ಸೀಲ್ ಇಲ್ಲ. ಸುರುಳಿ ಗೆರೆ ಇದೆ, ಎಂಜಿನ್ ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ತಿರುಗದೆ ನಿಂತಾಗ? ತಳ್ಳುವವರಿಲ್ಲ, ತೊಟ್ಟಿಕ್ಕುತ್ತದೆ. ಆದ್ದರಿಂದ ಕಾರನ್ನು ನಿಲ್ಲಿಸಬೇಡಿ, ಓಡಿಸುತ್ತಲೇ ಇರಿ ಅಂತ ಕಾರೇ ಹೇಳಿದಂತಾಯಿತು. ಹೆಂಡತಿ ಇದನ್ನು ಒಪ್ಪಲಿಲ್ಲ. ಕೆಳಗೆ ರಟ್ಟು ಇಡುತ್ತೇನೆ. ಬೇಸ್‌ಮೆಂಟಿನ ಬೆಕ್ಕು ಆ ರಟ್ಟಿನ ಮೇಲೆ ಮಲಗಿ, ಎದ್ದು ಹೋಗಿ ಅಧ್ಯಕ್ಷರ ಬಿಳಿ ಕಾರಿನ ಬಾನೆಟ್ ಹತ್ತುತ್ತದೆ. ಹೆಜ್ಜೆಗುರುತಿನ ಫೋಟೋ ಸಮೇತ ನನಗೆ ನೋಟಿಸ್ ಬಂತು. ಬೆಕ್ಕಿಗೆ ಬರಲಿಲ್ಲ.

ಸರ್ಕಾರದ್ದೂ ಒಂದು ಅಧ್ಯಾಯ ಇದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನಿಯಮ ತಂದಿತು. ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸೋದಕ್ಕೆ, ರಿಪೇರಿಗೆ ಮಾತ್ರ ಹೊರಗೆ ತೆಗೆಯಬಹುದು. ಇದನ್ನು ಊಟದ ಹೊತ್ತಿನಲ್ಲಿ ಮನೆಯವರಿಗೆ ಓದಿ ಹೇಳಿದೆ.

“ಅಂದ್ರೆ ಈಗ ನೀವು ಮಾಡ್ತಿರೋದಕ್ಕೂ ಅದಕ್ಕೂ ಏನ್ರೀ ವ್ಯತ್ಯಾಸ?” ಅಂದಳು ಹೆಂಡತಿ. “ಇಪ್ಪತ್ತು ಸಾವಿರ” ಅಂದರು ಅತ್ತೆ, ಹುಳಿ ಬಡಿಸುತ್ತ.

ಅತ್ತೆಯವರಿಗೆ ಈ ಕಾರು ಇಷ್ಟ. ಅವರ ಕಾಲದ್ದು. ಒಂದು ಆಗಸ್ಟಿನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಕರೆದುಕೊಂಡು ಹೋಗುವಾಗ ಮಳೆ ಬಂತು. ತುಂಡು ತುಂಡಾಗಿ ಬಿಗಿದ ಕಾರಲ್ಲವೇ, ಪ್ರತಿ ಸಂದಿಗೂ ಒಂದು ರಬ್ಬರು, ಪ್ರತಿ ರಬ್ಬರಿಗೂ ಅರವತ್ತು ವರ್ಷ ವಯಸ್ಸು. ಗಾಜಿನ ಅಂಚಿನಿಂದ ನೀರು ನೇರವಾಗಿ ಅವರ ಮಡಿಲಿಗೆ. ಅವರು ಗಾಬರಿಯಾಗಲಿಲ್ಲ. ಚೀಲದಿಂದ ಕೊಡೆ ತೆಗೆದು ಕಾರಿನೊಳಗೇ ಬಿಡಿಸಿದರು. “ನಮ್ಮಪ್ಪನ ಕಾರೂ ಹೀಗೇ ಸೋರ್ತಿತ್ತು ಅಳಿಯಂದ್ರೇ, ಏನೂ ಬದಲಾಗಿಲ್ಲ” ಅಂತ ಖುಷಿಪಟ್ಟರು. ಪಕ್ಕದ ಬಸ್ಸಿನ ಜನವೆಲ್ಲ ಕಿಟಕಿಗೆ ಬಂದರು. ಅತ್ತೆ ಕೈ ಬೀಸಿದರು.

ಇಷ್ಟಾಗಿ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳುವವರನ್ನು ಒಂದು ಭಾನುವಾರ ಬೆಳಿಗ್ಗೆ ಚಿಕ್ಕಪೇಟೆಯ ಓಣಿಗೆ ಕರೆದುಕೊಂಡು ಹೋಗಬೇಕು. ಹೆರಾಲ್ಡ್ 25 ಅಡಿ ಜಾಗದಲ್ಲಿ ಪೂರ್ತಿ ಸುತ್ತು ತಿರುಗುತ್ತದೆ. ಲಂಡನ್ನಿನ ಟ್ಯಾಕ್ಸಿಗಳಷ್ಟೇ. ರಿವರ್ಸ್ ಮೇಲೆ ರಿವರ್ಸ್ ಹಾಕುತ್ತ ದೊಡ್ಡ ದೊಡ್ಡ ಗಾಡಿಗಳು ಬೆವರುವ ಕಡೆ ಇದು ಒಂದೇ ಏಟಿಗೆ ಯು-ಟರ್ನ್ ತೆಗೆದುಕೊಂಡು ಹೋಗುತ್ತದೆ. ಆಟೋದವರೇ ದಾರಿ ಬಿಟ್ಟು ನೋಡುತ್ತಾರೆ. ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ಸುಖ ಇನ್ನೇನಿದೆ ಹೇಳಿ.

ಹೋದ ತಿಂಗಳು ಹಾಗೇ ತಿರುಗಿಸಿದೆ. ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರು. ನಾನು ಆರ್‌ಸಿ, ಇನ್ಷೂರೆನ್ಸ್, ಹೊಗೆ ಪರೀಕ್ಷೆ ಎಲ್ಲ ಹೊರಗೆ ತೆಗೆದೆ. ಅವರು ಅದರ ಕಡೆ ನೋಡಲೇ ಇಲ್ಲ.

“ಬಾನೆಟ್ ತೆಗೀರಿ ಸಾರ್, ಒಂದ್ಸಲ ನೋಡೋಣ.”

ತೆಗೆದೆ. ಸುತ್ತ ಒಂದು ರೌಂಡ್ ಹಾಕಿದರು. ಟೈರಿನ ಮೇಲೆ ಕೂತೂ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, “ಮಾರ್ತೀರಾ?”

ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಹೆಂಡತಿಯ ದನಿ ಬಂತು. “ಎಷ್ಟು ಕೊಡ್ತೀರಿ?”

ಅವರು ಮೇಲೆದ್ದು ಪ್ಯಾಂಟು ಒರೆಸಿಕೊಂಡು, ಕೈಗೆ ಹತ್ತಿದ ಎಣ್ಣೆ ನೋಡಿದರು. ರಸ್ತೆಯ ಮೇಲೆ ಬಿದ್ದಿದ್ದ ಹನಿಗಳನ್ನೂ ನೋಡಿದರು.

“ಬೇಡ ಬಿಡಿ ಮೇಡಂ, ಸುಮ್ನೆ ಕೇಳಿದೆ” ಅಂದು ಹಿಂದಿನ ಗಾಡಿಗಳನ್ನು ತಡೆದು ನಮ್ಮನ್ನು ಮೊದಲು ಬಿಟ್ಟರು.