ಕಪ್ಪು ಹೊಗೆ ಇಲ್ಲದಿದ್ದರೆ ಗಂಧಕವೂ ಇಲ್ಲವೇ?

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮಾತು ಆಗಾಗ ಬರುತ್ತದೆ: ಚಿಮಣಿಯಿಂದ ಕಪ್ಪು ಹೊಗೆ ಬರದಿದ್ದರೆ ಕಲ್ಲಿದ್ದಲಿನ ಗಂಧಕವೂ ಹೋದಂತೆ. ಇದು ತಪ್ಪು. ಕಣ್ಣಿಗೆ ಕಂಡದ್ದನ್ನು ನಂಬುವುದು ಸಹಜ, ಆದರೆ ಗಂಧಕ ಉರಿದಾಗ ಹುಟ್ಟುವ ಸಲ್ಫರ್ ಡೈಆಕ್ಸೈಡ್‌ಗೆ ಬಣ್ಣವೇ ಇಲ್ಲ. ಬೂದಿ ಹಿಡಿಯುವ ಫಿಲ್ಟರ್ ಕಣಗಳನ್ನು ತಡೆಯುತ್ತದೆ, ಅನಿಲ ಹಾಯ್ದು ಹೋಗುತ್ತದೆ. ಕಲ್ಲಿದ್ದಲು ತೊಳೆದರೂ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ರೂಪದ ಗಂಧಕ ಒಂದಷ್ಟು ಹೋದೀತು, ಇದ್ದಲಿನ ಅಣುಗಳಿಗೇ ಬೆಸೆದದ್ದು ಉಳಿಯುತ್ತದೆ.

ಕಲ್ಲಿದ್ದಲಿನಿಂದ ಗ್ಯಾಸ್ ಟರ್ಬೈನ್ ಓಡಿಸುವಲ್ಲಿ ಗಂಧಕವನ್ನು ಉರಿಸುವ ಮೊದಲೇ ತೆಗೆಯಬಹುದು. ಇದ್ದಲನ್ನು ಅನಿಲವಾಗಿಸಿದಾಗ ಗಂಧಕದ ಬಹುಪಾಲು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ, ಸ್ವಲ್ಪ ಕಾರ್ಬೊನಿಲ್ ಸಲ್ಫೈಡ್. ಮೊದಲನೆಯದನ್ನು ಅಮೈನ್ ಎಂಬ ರಾಸಾಯನಿಕದ ದ್ರಾವಣ ಹೀರಿ ತೆಗೆಯುತ್ತದೆ, ಎರಡನೆಯದನ್ನು ಸರಿಯಾಗಿ ಹೀರುವುದಿಲ್ಲ. ಹಾಗಾಗಿ ಮೊದಲು ವೇಗವರ್ಧಕದ ಮೇಲೆ ಹಾಯಿಸಿ ಅದನ್ನೂ ಹೈಡ್ರೋಜನ್ ಸಲ್ಫೈಡ್ ಮಾಡಿಕೊಳ್ಳಬೇಕು. ಈ ಹಂತ ತಪ್ಪಿದರೆ ಆ ಗಂಧಕ ಟರ್ಬೈನ್‌ವರೆಗೂ ಹೋಗುತ್ತದೆ. ಸೋಡಿಯಂ ಜತೆ ಸೇರಿ ಸಲ್ಫೇಟ್ ಪದರವಾಗಿ ಬ್ಲೇಡುಗಳನ್ನೇ ತಿನ್ನುತ್ತದೆ. ಇನ್ನೊಂದು ದಾರಿ, ಗಾಳಿಯ ರಭಸಕ್ಕೆ ಕಣಗಳು ತೇಲಾಡುವ, ಒತ್ತಡದ ಫ್ಲೂಯಿಡೈಸ್ಡ್ ಬೆಡ್‌ನಲ್ಲಿ ಸುಮಾರು 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಣ್ಣದಕಲ್ಲು ಬೆರೆಸಿ ಉರಿಸುವುದು; ಆ ಕಲ್ಲು ಗಂಧಕವನ್ನು ಹಿಡಿದುಕೊಳ್ಳುತ್ತದೆ.

ಪರೀಕ್ಷಿಸಲು ಇದ್ದಲಿನ ಲ್ಯಾಬ್ ವರದಿಯಲ್ಲಿ ‘ಒಟ್ಟು ಗಂಧಕ’ ನೋಡಿ. 0.5% ಇದ್ದರೆ 1 ಟನ್ನಿನಲ್ಲಿ 5 ಕೆಜಿ ಗಂಧಕ. ಪೂರ್ತಿ ಉರಿದರೆ 10 ಕೆಜಿ ಸಲ್ಫರ್ ಡೈಆಕ್ಸೈಡ್. ಅದನ್ನು ಹಿಡಿಯಲು ಲೆಕ್ಕದಂತೆ 15.6 ಕೆಜಿ ಶುದ್ಧ ಸುಣ್ಣದಕಲ್ಲು ಸಾಕು. ಕಲ್ಲಿನ ಕಣಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಒಳಭಾಗ ಬಳಕೆಗೆ ಬಾರದ ಕಾರಣ ಬೆಡ್‌ಗೆ ಇನ್ನೂ ಹೆಚ್ಚು ಹಾಕಬೇಕಾಗುತ್ತದೆ. ಚಿಮಣಿಯ ಮಾಪನ ವರದಿ ಸಿಕ್ಕರೆ ದೂಳಿನ ಅಂಕಿ ಬಿಟ್ಟು ಸಲ್ಫರ್ ಡೈಆಕ್ಸೈಡ್‌ನ ಸಾಲನ್ನೇ ಓದಿ. ಎಷ್ಟು ಶೇಕಡಾ ಆಮ್ಲಜನಕಕ್ಕೆ ಸರಿಹೊಂದಿಸಿದ ಅಂಕಿ ಎಂಬುದನ್ನೂ ಗಮನಿಸಿ: ಹೆಚ್ಚು ಗಾಳಿ ಬೆರೆತರೆ ಅದೇ ಮಾಲಿನ್ಯ ಕಡಿಮೆಯಾಗಿ ಕಾಣುತ್ತದೆ.