ಟೈರಿನ ಮೇಲಿನ ‘200’ ಹಿಡಿತದ ಅಳತೆಯಲ್ಲ: ಸ್ಪಷ್ಟನೆ

ಅಮೆರಿಕದ ಹವ್ಯಾಸಿ ಆಟೋಕ್ರಾಸ್ (ಕೋನ್‌ಗಳಿಟ್ಟು ಗುರುತಿಸಿದ ದಾರಿಯಲ್ಲಿ ಒಂದೊಂದೇ ಕಾರು ಓಡಿಸಿ ಸಮಯ ಅಳೆಯುವ ಪಂದ್ಯ) ಸ್ಪರ್ಧಿಗಳ ನಡುವೆ, ಬದಿಯಲ್ಲಿ ಟ್ರೆಡ್‌ವೇರ್ (ಸವೆತದ) ಸಂಖ್ಯೆ 200 ಎಂದಿರುವ ಟೈರುಗಳೆಲ್ಲ ನೆಲವನ್ನು ಒಂದೇ ಸಮನಾಗಿ ಹಿಡಿಯುತ್ತವೆ ಎಂಬ ಮಾತು ಹರಿದಾಡುತ್ತಿದೆ, ಇದು ಸರಿಯಲ್ಲ. ಆ ಸಂಖ್ಯೆ ಹೇಳುವುದು ಸವೆತವನ್ನು ಮಾತ್ರ, ಮತ್ತು 100 ಎಂದು ಎಣಿಸಿದ ಮಾನದಂಡದ ಟೈರಿಗೆ ಹೋಲಿಸಿ ಅದನ್ನು ನಮೂದಿಸುವವರು ಸರ್ಕಾರದವರಲ್ಲ, ಟೈರು ತಯಾರಕರೇ. ಈ ಪಂದ್ಯಗಳನ್ನು ನಡೆಸುವ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಸಂಸ್ಥೆಯ ಸ್ಟ್ರೀಟ್ ವರ್ಗದಲ್ಲಿ 200 ಎಂಬುದು ಪ್ರವೇಶಕ್ಕೆ ಬೇಕಾದ ಕನಿಷ್ಠ ಮಿತಿಯಷ್ಟೆ. ಸುಮಾರು ಒಂದು ನಿಮಿಷದಲ್ಲಿ ಮುಗಿದುಹೋಗುವ ಆಟೋಕ್ರಾಸ್ ಓಟಕ್ಕೆ ಮೊದಲ ತಿರುವಿನಲ್ಲೇ ಹಿಡಿತ ಕೊಡುವ ರಬ್ಬರು ಬೇಕು. ರೇಸ್ ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಸತತವಾಗಿ ಓಡಲೆಂದು ರೂಪಿಸಿದ, ನಿಧಾನವಾಗಿ ಬಿಸಿಯಾಗುವ ಟೈರು, ಅದೇ 200 ಸಂಖ್ಯೆ ಹೊತ್ತಿದ್ದರೂ, ಇಲ್ಲಿ ಹಿಂದುಳಿಯಬಹುದು. ಟೈರಿನ ಮೇಲೆ ಆ ಸಂಖ್ಯೆಯ ಪಕ್ಕದಲ್ಲಿರುವ ಟ್ರ್ಯಾಕ್ಷನ್ (ಹಿಡಿತದ) ದರ್ಜೆಯನ್ನು ನೆಚ್ಚುವುದೂ ತಪ್ಪೇ (ಬಹಳ ಮಂದಿ ಎಡವುವುದು ಇಲ್ಲಿಯೇ): ಅದು ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತವನ್ನು ಅಳೆಯುತ್ತದೆ, ತಿರುವಿನಲ್ಲಿನ ಹಿಡಿತವನ್ನಲ್ಲ.