ನನ್ನ ಎಡೆಗೆ ನಾನೇ ಹಾಜರು

ನವೆಂಬರ್ 1ರ ಬೆಳಗ್ಗೆ ಆಫೀಸಿನ ಲಿಫ್ಟ್ ಬಾಗಿಲು ತೆರೆಯಿತು. ಎದುರಿಗೆ ಬರೀ ಹಳದಿ, ಕೆಂಪು. ಚೆಂಡು ಹೂವಿನ ರಾಶಿ, ಪಕ್ಕದಲ್ಲಿ ಕೋಳಿಜುಟ್ಟಿನ ಹೂವು. ಒಂದು ಕ್ಷಣ ನನ್ನ ಗಂಟಲು ಕಟ್ಟಿತು. ಮೆಕ್ಸಿಕೋದ ಗ್ವಾಡಲಹಾರದಲ್ಲಿ, ಇಡೀ ಕಟ್ಟಡಕ್ಕೆ ಒಬ್ಬನೇ ಕನ್ನಡದವನು ನಾನು. ನನಗೋಸ್ಕರ ರಾಜ್ಯೋತ್ಸವ ಮಾಡಿಬಿಟ್ಟರಾ?

ಆಮೇಲೆ ಬುರುಡೆಗಳು ಕಂಡವು.

ಅದು ‘ದಿಯಾ ದೆ ಮುಯೆರ್ತೋಸ್’, ಸತ್ತವರ ಹಬ್ಬ. ನವೆಂಬರ್ 1 ತೀರಿಕೊಂಡ ಮಕ್ಕಳಿಗೆ, 2 ದೊಡ್ಡವರಿಗೆ. ನಮ್ಮ ಮಹಾಲಯ ಅಮಾವಾಸ್ಯೆಯಲ್ಲಿ ಇಡುವ ಹಾಗೇ ಎಡೆ ಇಡುತ್ತಾರೆ. ಅದಕ್ಕೆ ‘ಒಫ್ರೆಂಡಾ’ ಎಂದು ಹೆಸರು. ಮನೆಯಲ್ಲಷ್ಟೇ ಅಲ್ಲ, ಶಾಲೆ, ಅಂಗಡಿ, ಆಫೀಸು, ಎಲ್ಲ ಕಡೆ. ಮೆಟ್ಟಿಲು ಮೆಟ್ಟಿಲಾಗಿ ಮೇಜು ಜೋಡಿಸಿ, ಮೇಣದ ಬತ್ತಿ, ಕೋಪಾಲ್ ಎಂಬ ಧೂಪ, ಒಂದು ಲೋಟ ನೀರು, ಉಪ್ಪು. ದೂರದಿಂದ ಬರುವವರಿಗೆ ಬಾಯಾರಿಕೆ ಆಗಿರುತ್ತದಲ್ಲ, ಅದಕ್ಕೆ ನೀರು. ನಮ್ಮಲ್ಲಿ ಕಾಗೆ ಬಂದು ಮುಟ್ಟುವವರೆಗೆ ಮನೆಮಂದಿ ಎಲ್ಲ ಹಸಿದುಕೊಂಡು ಆಕಾಶ ನೋಡುತ್ತಿರಬೇಕು. ಇಲ್ಲಿ ಕಾಗೆಯ ಹಂಗಿಲ್ಲ. ಚೆಂಡು ಹೂವಿನ ಎಸಳನ್ನು ಬಾಗಿಲಿನಿಂದ ದಾರಿಯಂತೆ ಉದುರಿಸಿದರೆ ಸಾಕು, ವಾಸನೆ ಹಿಡಿದು ಅವರೇ ಬರುತ್ತಾರಂತೆ. ಅಂದಹಾಗೆ, ಆಯುಧಪೂಜೆಗೆ ನಾವು ಲಾರಿ ಬಸ್ಸಿಗೆಲ್ಲ ಕಟ್ಟುವ ಈ ಚೆಂಡು ಹೂವಿನ ತವರು ಮೆಕ್ಸಿಕೋ. ಪೋರ್ಚುಗೀಸರ ಹಡಗಿನ ಕಾಲದಲ್ಲಿ ನಮ್ಮ ಕಡೆ ಬಂದದ್ದು. ಇಲ್ಲಿನವರು ‘ಸೆಂಪಾಸೂಚಿಲ್’ ಅನ್ನುತ್ತಾರೆ. ಹಳೆಯ ನಾವಾಟ್ಲ್ ಭಾಷೆಯಲ್ಲಿ ‘ಇಪ್ಪತ್ತು ಹೂವು’ ಎಂದು ಅರ್ಥ.

ಇಷ್ಟೆಲ್ಲ ನನಗೆ ಗೊತ್ತಾದದ್ದು ಎಡವಟ್ಟಾದ ಮೇಲೆ.

ವಾರದ ಹಿಂದೆ ಆಫೀಸಿನಿಂದ ಒಂದು ಮೇಲ್ ಬಂದಿತ್ತು. ಸ್ಪ್ಯಾನಿಷ್‌ನಲ್ಲಿ. ನಿಮಗೆ ಪ್ರೀತಿಯವರ ಫೋಟೊ ತನ್ನಿ ಅಂತ. ನಡುವೆ ‘ಡಿಫುಂತೊ’ ಎಂಬ ಒಂದು ಪದ ಇತ್ತು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಅರ್ಥವಾಯಿತು. ಒಂದು ಪದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳೋದು, ಅಲ್ವಾ? ಪೆಟ್ಟಿಗೆಯಲ್ಲಿದ್ದ ಚಿಕ್ಕಪ್ಪನ ಮದುವೆ ಫೋಟೊ ಕೊಟ್ಟುಬಿಟ್ಟೆ. ಅದರಲ್ಲಿ ತಾತ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ ಇದ್ದರು. ಅಜ್ಜಿಯ ತೊಡೆ ಮೇಲೆ ಬಾಯಿ ತೆರೆದು ಅಳುತ್ತಿರುವ ಒಂದೂವರೆ ವರ್ಷದ ನಾನು.

‘ಡಿಫುಂತೊ’ ಎಂದರೆ ತೀರಿಕೊಂಡವರು. ಐವರಲ್ಲಿ ತೀರಿಕೊಂಡಿದ್ದು ತಾತ ಒಬ್ಬರೇ.

ಈಗ ಆ ಫೋಟೊ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿತ್ತು. ಸುತ್ತ ಹೂವಿನ ಹಾರ. ಮುಂದೆ ಒಂದು ಲೋಟ ಹಾಲು, ಮಿಠಾಯಿ, ಪುಟ್ಟ ಕೆಂಪು ಕಾರು. ಮಕ್ಕಳ ದಿನವಲ್ಲವೇ! ಪಕ್ಕದ ಟೇಬಲ್ಲಿನವಳು ಬಂದು ನನ್ನ ಭುಜ ಮುಟ್ಟಿ, ಕೂಸನ್ನು ತೋರಿಸಿ, “ಪೋಬ್ರೆಸಿತೊ” ಎಂದಳು. ಅಯ್ಯೋ ಪಾಪ, ಅಂತ. ಕಣ್ಣಲ್ಲಿ ನೀರಿತ್ತು. ನಾನು ನಗುತ್ತಾ, ನನಗೆ ಬರುವ ಸ್ಪ್ಯಾನಿಷ್‌ನಲ್ಲಿ ಹೇಳಿದೆ: “ಅದು ನಾನೇ.”

ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಬದುಕಿದ್ದವರ ಫೋಟೊ ಅಲ್ಲಿ ಇಡಬಾರದು. ನಮ್ಮಲ್ಲೂ ಜೀವಂತ ಇರುವವರ ಫೋಟೊಗೆ ಹಾರ ಹಾಕಿದರೆ ಅಜ್ಜಿಯಂದಿರು ಬಿಡುತ್ತಾರಾ? ಸುದ್ದಿ ಹರಡಿ ಇಡೀ ಮಹಡಿ ಹೊಟ್ಟೆ ಹಿಡಿದು ನಕ್ಕಿತು. ಕತ್ತರಿ ತಂದರು. ಮದುವೆ ಫೋಟೊ, ಕತ್ತರಿಸಬೇಡಿ ಎಂದು ಗೋಗರೆದೆ. ಕೊನೆಗೆ ಹಳದಿ ಅಂಟುಚೀಟಿಗಳನ್ನು ತಂದು ನಾಲ್ಕು ಮುಖಗಳಿಗೆ ಅಂಟಿಸಿದರು. ತಾತ ಒಬ್ಬರೇ ಉಳಿದರು, ಆಫೀಸಿನ ಕೆಲಸ ಬಾಕಿ ಇರುವವರ ನಡುವೆ ನಿಂತ ಹಾಗೆ.

ನನ್ನ ಬೇಸರ ಕಳೆಯಲೆಂದು ಒಬ್ಬ ಸಕ್ಕರೆಯ ಬುರುಡೆ ಕೊಟ್ಟ. ಹಣೆಯ ಮೇಲೆ ನನ್ನ ಹೆಸರು! ಬದುಕಿರುವ ಗೆಳೆಯರಿಗೆ ಹೀಗೆ ಹೆಸರು ಬರೆಸಿ ಕೊಡುವುದು ಇಲ್ಲಿ ಪ್ರೀತಿಯಂತೆ. ಸ್ಪೆಲ್ಲಿಂಗ್ ತಪ್ಪಿತ್ತು. ಒಳ್ಳೆಯದೇ ಆಯಿತು, ಯಮ ಬಂದರೂ ವಿಳಾಸ ತಪ್ಪಿ ಹೋಗುತ್ತಾನೆ. ನನ್ನದೇ ತಲೆಯನ್ನು ಟೇಬಲ್ ಮೇಲಿಟ್ಟುಕೊಂಡು ಕೆಲಸ ಮಾಡುವುದು ಬೇಡವೆಂದು ಅದನ್ನೂ ತಾತನ ಮುಂದೆ ಇಟ್ಟೆ. ಕೆಳಗಿನ ಮೆಟ್ಟಿಲಲ್ಲಿ ಮೂಳೆಯಾಕಾರದ ಹಿಟ್ಟು ಕೂರಿಸಿ ಸಕ್ಕರೆ ಉದುರಿಸಿದ ದುಂಡು ಬ್ರೆಡ್ಡು ಇತ್ತು, ‘ಪಾನ್ ದೆ ಮುಯೆರ್ತೊ’. ಬೆಳಗ್ಗಿನ ತಿಂಡಿ ಆಗಿರಲಿಲ್ಲ. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ಮತ್ತೆ ಎಲ್ಲರೂ ಸುಮ್ಮನಾದರು. “ಅದು ನಿಮ್ಮ ತಾತನಿಗೆ,” ಎಂದರು ಯಾರೋ. ಏಳನೇ ವಯಸ್ಸಿನಲ್ಲಿ ಎಡೆಯ ವಡೆಗೆ ಕೈ ಹಾಕಿ ತಲೆಗೆ ಮೊಟಕಿಸಿಕೊಂಡಿದ್ದೆ. ಬುದ್ಧಿ ಬಂದಿಲ್ಲ.

“ತಾತನಿಗೆ ಏನು ಇಷ್ಟ ಇತ್ತು?” ಎಂದು ಕೇಳಿದರು. ಕಾಫಿ, ಕೋಡುಬಳೆ, ಬೀಡಿ ಎಂದೆ. ಕಾಫಿ ತಕ್ಷಣ ಬಂತು. ಕೋಡುಬಳೆ ಹೇಗಿರುತ್ತದೆ ಎಂದು ಬೆರಳಲ್ಲಿ ತೋರಿಸಿದೆ, ಡೋನಟ್ ಬಂತು. ಬೀಡಿ ಬದಲು ಒಂದು ಸಿಗರೇಟು. ತಾತ ಹೊಂದಿಕೊಳ್ಳುವ ಮನುಷ್ಯ, ಬಿಡಿ.

ಒಂಬತ್ತು ಗಂಟೆಗೆ ಊರಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ರಾತ್ರಿ ಎಂಟೂವರೆ. ಅಜ್ಜಿಗೆ ಎಲ್ಲ ತೋರಿಸುತ್ತಿದ್ದೆ. ಅದೇ ಹೊತ್ತಿಗೆ, ಮೇಣದ ಬತ್ತಿಯ ಶಾಖಕ್ಕೋ ಏನೋ, ಅಜ್ಜಿಯ ಮುಖದ ಮೇಲಿನ ಚೀಟಿ ಕಳಚಿ ಬಿತ್ತು.

“ಅಯ್ಯೋ, ನನ್ನನ್ನೂ ಇಟ್ಬಿಟ್ಯೇನೋ?”

“ಇಲ್ಲ ಅಜ್ಜಿ, ಚೀಟಿ ಬಿದ್ದೋಯ್ತು...”

“ನಾನೆಲ್ಲೋ?” ಹಿಂದಿನಿಂದ ಚಿಕ್ಕಪ್ಪನ ದನಿ.

ಅಜ್ಜಿ ಕನ್ನಡಕ ಸರಿಮಾಡಿಕೊಂಡರು. “ಅದೇನದು ಬೆಳ್ಳಗೆ? ಸಿಗರೇಟಾ?”

ನಾನು ಬಾಯಿ ಮುಚ್ಚಿಕೊಂಡೆ. ಪೆಪ್ಪರ್‌ಮಿಂಟಿನ ಲಂಚ ಕೊಟ್ಟು ತಾತ ನನ್ನನ್ನು ಬೀಡಿ ತರಲು ಪೆಟ್ಟಿಗೆ ಅಂಗಡಿಗೆ ಕಳಿಸುತ್ತಿದ್ದದ್ದು ನಮ್ಮಿಬ್ಬರಿಗೇ ಗೊತ್ತು.

“ಬಿಟ್ಟೆ ಅಂತ ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ರು ಕಣೋ,” ಎಂದರು ಅಜ್ಜಿ. ಸ್ವಲ್ಪ ಹೊತ್ತು ಫೋಟೊವನ್ನೇ ನೋಡಿದರು. “ಇರಲಿ. ಆ ಬುರುಡೆ ಯಾವುದರದ್ದು?”

“ಸಕ್ಕರೆದು, ಅಜ್ಜಿ.”

“ತೆಗಿ ಮೊದಲು! ಅವರಿಗೆ ಶುಗರ್ ಇತ್ತು ಅನ್ನೋದೂ ಮರೆತುಬಿಟ್ಯಾ?”

ತೆಗೆದೆ. ಡೋನಟ್ಟನ್ನೂ ತೆಗೆಸಿದರು.